ಕುಂಡಕ್ಕೊಂದು ಹೊಸ ಸೇವಂತಿಗೆ: ಪರಾಗಸ್ಪರ್ಶದಿಂದ ನೋಂದಣಿಯವರೆಗೆ

ಸೇವಂತಿಗೆಯಲ್ಲಿ ಹೊಸ ತಳಿ ಮಾಡಲು ಹೊರಟವರ ಮನಸ್ಸಿನಲ್ಲಿ ಮೊದಲು ಇರುವುದು ಒಂದು ಬಣ್ಣ. ನಾನೂ ಹಾಗೆಯೇ ಶುರು ಮಾಡಿದೆ. ಮೊದಲ ವರ್ಷದ ಸಸಿಗಳಲ್ಲಿ ತಾಮ್ರದ ಬಣ್ಣದ ಹೂವೊಂದು ಅರಳಿತ್ತು. ಅದರ ಮೇಲಿನ ಮೋಹಕ್ಕೆ ಉಳಿದ ಸಸಿಗಳನ್ನು ಸರಿಯಾಗಿ ನೋಡಲೇ ಇಲ್ಲ. ಮರುವರ್ಷ ಆ ಗಿಡದಿಂದ ಕಟಿಂಗ್ ತೆಗೆದಾಗ ಬೇರು ಬಿಡಲು ಐದು ವಾರ ಬೇಕಾಯಿತು. ಬೇರು ಬಿಟ್ಟ ಗಿಡಗಳೂ ಉದ್ದಕ್ಕೆ ಬೆಳೆದು ಕುಂಡದಿಂದ ಹೊರಕ್ಕೆ ವಾಲಿದವು. ಒಂದು ವರ್ಷದ ಕೆಲಸ ಗೊಬ್ಬರದ ಗುಂಡಿ ಸೇರಿತು. ಅಂದಿನಿಂದ ನಾನು ಪಾಲಿಸುವ ನಿಯಮ ಒಂದೇ: ಹೂವನ್ನು ಕಡೆಗೆ ನೋಡಬೇಕು, ಗಿಡವನ್ನು ಮೊದಲು ನೋಡಬೇಕು.

ನಮ್ಮ ಊರುಗಳಲ್ಲಿ ಸೇವಂತಿಗೆ ಎಂದರೆ ಕಟ್ಟುವ ಹೂವು. ಮಾರು ಲೆಕ್ಕದಲ್ಲಿ ಮಾರುವ, ದೇವರಿಗೆ ಏರಿಸುವ, ತಲೆಗೆ ಮುಡಿಯುವ ಬಿಡಿಹೂವು. ಅಂಥ ತಳಿಯಿಂದ ರೈತ ಬಯಸುವುದು ತೂಕವನ್ನು ಮತ್ತು ಹಲವು ಕೊಯ್ಲುಗಳನ್ನು. ಗಿಡ ಎತ್ತರವಾಗಿದ್ದರೂ, ನೆಲಕ್ಕೆ ಬಾಗಿದರೂ ಹೊಲದಲ್ಲಿ ನಡೆಯುತ್ತದೆ. ಕುಂಡದ ವ್ಯಾಪಾರದಲ್ಲಿ ಗಿರಾಕಿ ಕೊಳ್ಳುವುದು ಬೇರಿನಿಂದ ಮೊಗ್ಗಿನವರೆಗೆ ಇಡೀ ಗಿಡವನ್ನು. ಹೊಲದಲ್ಲಿ ಗೆದ್ದ ಎಷ್ಟೋ ತಳಿಗಳು ಆರು ಇಂಚಿನ ಕುಂಡದಲ್ಲಿ ಸೋಲುವುದಕ್ಕೆ ಕಾರಣ ಇದೇ.

ಪರಾಗ ಹಾಕಿದ ದಿನದಿಂದ ಮೊದಲ ಕುಂಡ ಮಾರಾಟಕ್ಕೆ ಹೋಗುವವರೆಗೆ ನಾಲ್ಕೈದು ವರ್ಷ ಬೇಕು. ಒಂದು ಸಣ್ಣ ನೆರಳುಮನೆ, ಕೆಲವು ಬಲ್ಬುಗಳು, ಒಂದು ದಪ್ಪ ನೋಟ್‌ಬುಕ್ ಇದ್ದರೆ ಆರಂಭಿಸಬಹುದು.

ಮೊದಲು ಕಾಗದದ ಮೇಲೆ

ಪರಾಗವನ್ನು ಮುಟ್ಟುವ ಮೊದಲು, ಬೇಕಾದ ಗಿಡವನ್ನು ಒಂದು ಪುಟದಲ್ಲಿ ಬರೆದಿಡಿ. ನನ್ನ ಪುಟದಲ್ಲಿ ಇರುವುದು ಇಷ್ಟು: ಆರು ಇಂಚಿನ ಕುಂಡದಲ್ಲಿ ಅಂಚಿನಿಂದ ಮೇಲಕ್ಕೆ 20ರಿಂದ 25 ಸೆಂಟಿಮೀಟರ್ ಎತ್ತರ, ತುದಿ ಚಿವುಟದೆಯೂ ಬುಡದಿಂದಲೇ ಕವಲೊಡೆಯುವ ಸ್ವಭಾವ, ಕೋಲು ಕಟ್ಟದೆ ನಿಲ್ಲುವ ಕಾಂಡ, ಹಗಲು ಕಿರಿದಾದ ಮೇಲೆ ಎಂಟು ವಾರದೊಳಗೆ ಹೂವು, ಎಲ್ಲ ಮೊಗ್ಗುಗಳೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಅರಳಬೇಕು, ಮನೆಯೊಳಗೆ ಮೂರು ವಾರ ಬಾಳಬೇಕು, ಕಟಿಂಗ್ ಎರಡು ವಾರದಲ್ಲಿ ಬೇರು ಬಿಡಬೇಕು. ಬಣ್ಣ ಈ ಪಟ್ಟಿಯ ಕೊನೆಯ ಸಾಲು.

ಚಿವುಟುವುದೂ ಬೇಡ, ಊರುಗೋಲೂ ಬೇಡ ಎಂಬ ಗುರಿ ನಮ್ಮ ದೇಶಕ್ಕೆ ಹೊಸದಲ್ಲ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಇದೇ ಗುಣವಿರುವ ಪುಟ್ಟ ಸೇವಂತಿಗೆಗಳ ಒಂದು ಸಾಲನ್ನೇ ರೂಪಿಸಿದೆ. ಸಿಕ್ಕರೆ ಅವುಗಳಲ್ಲಿ ಎರಡು ಮೂರನ್ನು ತಂದು ಸಾಕಿ. ಕವಲೊಡೆಯುವ ಗುಣವನ್ನು ಸಸಿಗಳಿಗೆ ದಾಟಿಸಲು ಅವು ಒಳ್ಳೆಯ ಮೂಲ.

ತಾಯಿ, ತಂದೆ

ಹತ್ತು ಹನ್ನೆರಡು ತಳಿಗಳಿದ್ದರೆ ಸಾಕು. ಆದರೆ ಪ್ರತಿಯೊಂದನ್ನೂ ಏಕೆ ತಂದಿರಿ ಎಂಬುದು ನಿಮಗೆ ಗೊತ್ತಿರಬೇಕು: ಒಂದು ಗಿಡ್ಡ ದೇಹಕ್ಕೆ, ಒಂದು ಗಟ್ಟಿ ಕಾಂಡಕ್ಕೆ, ಒಂದು ಸೆಖೆಯಲ್ಲೂ ತಡವಾಗದೆ ಅರಳುವುದಕ್ಕೆ, ಒಂದು ಎಲೆಚುಕ್ಕೆ ರೋಗ ತಡೆಯುವುದಕ್ಕೆ. ಎರಡೂ ಕಡೆ ಗಿಡದ ಆಕಾರ ಚೆನ್ನಾಗಿರುವ ಜೋಡಿಯನ್ನೇ ಆರಿಸಿ. ಹೂವು ಮಾತ್ರ ಚೆಂದವಿರುವ ಉದ್ದನೆಯ ತಳಿಯನ್ನು ಗಿಡ್ಡ ತಳಿಗೆ ಕೂಡಿಸಿದರೆ, ಮಕ್ಕಳಲ್ಲಿ ಹೆಚ್ಚಿನವು ಕುಂಡಕ್ಕೆ ಒಗ್ಗದಷ್ಟು ಎತ್ತರವಾಗುತ್ತವೆ.

ಬೆಳೆಸಿದ ಸೇವಂತಿಗೆಯ ವಂಶವಾಹಿ ಲೆಕ್ಕ ಸರಳವಲ್ಲ. ವರ್ಣತಂತುಗಳ ಮೂಲಸಂಖ್ಯೆ ಒಂಬತ್ತು, ನಮ್ಮ ತಳಿಗಳಲ್ಲಿ ಸಾಮಾನ್ಯವಾಗಿ ಅದರ ಆರು ಪಟ್ಟು, ಅಂದರೆ 54 ವರ್ಣತಂತುಗಳಿರುತ್ತವೆ. ಒಂದೆರಡು ಹೆಚ್ಚು ಅಥವಾ ಕಡಿಮೆ ಇರುವ ತಳಿಗಳೂ ಬೇಕಾದಷ್ಟಿವೆ. ಇದರ ಜೊತೆಗೆ ಸೇವಂತಿಗೆ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಹೀಗಾಗಿ ಒಂದೇ ಹೂವಿನ ಇಪ್ಪತ್ತು ಬೀಜಗಳಿಂದ ಇಪ್ಪತ್ತು ಬಗೆಯ ಗಿಡಗಳು ಹುಟ್ಟುತ್ತವೆ. ಇದೇ ನಮ್ಮ ಅದೃಷ್ಟವೂ ಹೌದು. ಮೆಚ್ಚಿದ ಒಂದೇ ಒಂದು ಸಸಿ ಸಿಕ್ಕರೆ ಸಾಕು; ಕಟಿಂಗ್ ಮೂಲಕ ಅದನ್ನು ಇದ್ದ ಹಾಗೆಯೇ ಲಕ್ಷ ಮಾಡಬಹುದು.

ಬಣ್ಣದ ಬಗ್ಗೆ ತಿಳಿದಿರಬೇಕಾದದ್ದು ಸ್ವಲ್ಪವೇ. ಹಳದಿ ಕ್ಯಾರೊಟಿನಾಯ್ಡ್‌ನಿಂದ, ಗುಲಾಬಿ ಮತ್ತು ನೇರಳೆ ಆಂಥೊಸಯನಿನ್‌ನಿಂದ ಬರುತ್ತವೆ. ಎರಡೂ ಸೇರಿದರೆ ತಾಮ್ರ, ಇಟ್ಟಿಗೆ ಕೆಂಪು. ಬಿಳಿ ಹೂವಿನ ಎಸಳಿನಲ್ಲಿ ಕ್ಯಾರೊಟಿನಾಯ್ಡನ್ನು ಒಡೆದುಹಾಕುವ ಕಿಣ್ವವೊಂದು ಕೆಲಸ ಮಾಡುತ್ತದೆ. ಅದು ಕೈಕೊಟ್ಟ ಕೊಂಬೆಯಲ್ಲಿ ಹಳದಿ ಹೂವು ಬರುತ್ತದೆ. ಬಿಳಿ ಗಿಡದಲ್ಲಿ ತಾನಾಗಿಯೇ ಹಳದಿ ಕೊಂಬೆ ಕಾಣಿಸಿಕೊಳ್ಳುವುದು ಇದರಿಂದಲೇ. ನೀಲಿಯನ್ನು ಮಾತ್ರ ಸಂಕರಣದಲ್ಲಿ, ಅಂದರೆ ತಳಿಗಳನ್ನು ಕೂಡಿಸುವುದರಲ್ಲಿ, ಹುಡುಕಬೇಡಿ; ಸೇವಂತಿಗೆಯ ವಂಶದಲ್ಲಿಯೇ ಅದಿಲ್ಲ. 2017ರಲ್ಲಿ ಜಪಾನಿನ ವಿಜ್ಞಾನಿಗಳು ನೀಲಿ ಸೇವಂತಿಗೆಯನ್ನು ತೋರಿಸಿದಾಗ ಎರಡು ಹೊರಗಿನ ಜೀನ್‌ಗಳನ್ನು ಸೇರಿಸಬೇಕಾಯಿತು. ಅವುಗಳಲ್ಲಿ ಒಂದು ನಮ್ಮ ಬೇಲಿಗಳಲ್ಲಿ ಹಬ್ಬುವ ಶಂಖಪುಷ್ಪದ್ದು. ನನಗೆ ಅದನ್ನು ಓದಿದಾಗ ಆದ ಸಂತೋಷ ಇನ್ನೂ ನೆನಪಿದೆ.

ತಾಯಿಗಿಡಗಳು ರೋಗವಿಲ್ಲದವಾಗಿರಬೇಕು. ಗಿಡವನ್ನು ಕುಬ್ಜವಾಗಿಸುವ ವೈರಾಯ್ಡ್ (ವೈರಸ್‌ಗಿಂತಲೂ ಚಿಕ್ಕ ರೋಗಕಾರಕ) ಒಂದಿದೆ. ಚಾಕು, ಬೆರಳು, ಕಟಿಂಗ್‌ಗಳ ಮೂಲಕ ಹರಡುತ್ತದೆ, ಬೀಜದಲ್ಲೂ ದಾಟಬಲ್ಲದು. ಅದು ತಗುಲಿದ ಗಿಡ ಗಿಡ್ಡವಾಗಿ, ಅಚ್ಚುಕಟ್ಟಾಗಿ ಕಂಡು ಆಯ್ಕೆ ಮಾಡುವವನಿಗೇ ಮೋಸ ಮಾಡುತ್ತದೆ. ಒಂದೇ ತಳಿಯ ಹತ್ತು ಗಿಡಗಳಲ್ಲಿ ಎರಡು ಮಾತ್ರ ಕುಳ್ಳಗಿದ್ದು ಬೇಗ ಅರಳಿದರೆ ಅವನ್ನು ಕಿತ್ತು ಸುಡಿ.

ಬೆಳಕಿನ ಲೆಕ್ಕ

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಹೆಚ್ಚಿನ ತಳಿಗಳು ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗಿಗೆ ಹೊರಳುತ್ತವೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಕೂಡ ಹದಿಮೂರು ಗಂಟೆ ಮುಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಅದು ಹನ್ನೊಂದೂಕಾಲು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ನೆದರ್‌ಲೆಂಡ್ಸ್‌ನ ಬೆಳೆಗಾರ ಬೇಸಿಗೆಯಲ್ಲಿ ಮೊಗ್ಗು ತರಿಸಲು ಕಪ್ಪು ಪರದೆ ಎಳೆಯಬೇಕು. ನಮ್ಮ ಕಷ್ಟ ತಿರುವುಮುರುವು: ಗಿಡ ಬೆಳೆಯುವ ಮೊದಲೇ ಮೊಗ್ಗು ಕಟ್ಟದಂತೆ ತಡೆಯಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರಬಹುದು. ಅದು ಇದಕ್ಕಾಗಿಯೇ.

ರಾತ್ರಿ ಹತ್ತರಿಂದ ಎರಡು ಗಂಟೆಯವರೆಗೆ, ಗಿಡದ ತುದಿಯಲ್ಲಿ ಸುಮಾರು 100 ಲಕ್ಸ್ ಬೆಳಕು ಬಿದ್ದರೆ ಸಾಕು. ಉದ್ದ ರಾತ್ರಿ ಎರಡು ತುಂಡಾಗಿ ಗಿಡ ಬೆಳೆಯುತ್ತಲೇ ಇರುತ್ತದೆ. ದೀಪ ನಿಲ್ಲಿಸಿದ ದಿನವೇ ನಿಮ್ಮ ಲೆಕ್ಕದ ಸೊನ್ನೆ ದಿನ. ಅಲ್ಲಿಂದ ಏಳರಿಂದ ಒಂಬತ್ತು ವಾರಕ್ಕೆ ಕುಂಡದ ತಳಿಗಳು ಅರಳುತ್ತವೆ. ತಳಿಯ 'ವಾರ' ಎಂದು ವ್ಯಾಪಾರದಲ್ಲಿ ಹೇಳುವುದು ಈ ಅವಧಿಯನ್ನೇ. ಹೊರಗಿನ ಬೆಳಕಿನ ಮೇಲೂ ಕಣ್ಣಿರಲಿ. ನಮ್ಮ ನೆರಳುಮನೆಯ ಒಂದು ಮೂಲೆಯ ಗಿಡಗಳು ಮಾತ್ರ ಮೊಗ್ಗು ಕಟ್ಟದೆ ಎರಡು ವಾರ ಸತಾಯಿಸಿದವು. ಗೊಬ್ಬರ, ಬೇರು ಎಲ್ಲವನ್ನೂ ಶಂಕಿಸಿದ ಮೇಲೆ ತಿಳಿದದ್ದು, ಬೇಲಿಯಾಚೆ ಹೊಸದಾಗಿ ನಿಂತ ಬೀದಿದೀಪ.

ಸಂಕರಣಕ್ಕೆ ಒಣ ಹವೆಯ ಡಿಸೆಂಬರ್ ಮತ್ತು ಜನವರಿ ಸರಿಯಾದ ಕಾಲ. ಆಗ ಹೂವಿರಬೇಕೆಂದರೆ ಅಕ್ಟೋಬರ್ ಎರಡನೇ ವಾರದಲ್ಲಿ ದೀಪ ನಿಲ್ಲಿಸಿ. ಏಳು ವಾರದ ತಳಿಯನ್ನೂ ಒಂಬತ್ತು ವಾರದ ತಳಿಯನ್ನೂ ಕೂಡಿಸುವುದಾದರೆ, ಮೊದಲನೆಯದರ ದೀಪವನ್ನು ಎರಡು ವಾರ ತಡವಾಗಿ ಆರಿಸಬೇಕು.

ಹೂವಿನೊಳಗೆ ಕೈ ಹಾಕುವುದು

ಒಂದು ಸೇವಂತಿಗೆ ಎಂದು ನಾವು ಕರೆಯುವುದು ನೂರಾರು ಸಣ್ಣ ಹೂವುಗಳ ಗುಂಪು. ಹೊರಸುತ್ತಿನ ಒಂದೊಂದು ಎಸಳೂ ಒಂದು ಹೂವೇ. ಅದರಲ್ಲಿ ಹೆಣ್ಣು ಭಾಗ ಮಾತ್ರ ಇದೆ. ನಡುವಿನ ಹಳದಿ ಬಟ್ಟಲಿನ ಪುಟಾಣಿ ಹೂವುಗಳಲ್ಲಿ ಗಂಡು, ಹೆಣ್ಣು ಎರಡೂ ಇವೆ. ತುಂಬು ದಳದ ಚೆಂಡಿನಂಥ ಹೂವಿನಲ್ಲಿ ಈ ನಡುಹೂವುಗಳು ತೀರ ಕಡಿಮೆಯಿರುವುದರಿಂದ ಪರಾಗ ಸಿಗುವುದು ಕಷ್ಟ. ಅಂಥವನ್ನು ತಾಯಿಯಾಗಿ ಬಳಸಿ. ಒಂದೆರಡು ಸುತ್ತಿನ, ನಡು ಕಾಣುವ ಹೂವುಗಳನ್ನು ತಂದೆಯಾಗಿ ಇಟ್ಟುಕೊಳ್ಳಿ.

ತಾಯಿಹೂವನ್ನು ಅಣಿಗೊಳಿಸುವುದು ಹೀಗೆ. ಹೊರಗಿನ ಎರಡು ಮೂರು ಸುತ್ತಿನ ಎಸಳುಗಳು ಬಿಚ್ಚಿಕೊಂಡಾಗ, ಚೂಪು ಕತ್ತರಿಯಿಂದ ಎಸಳುಗಳನ್ನು ಬುಡದ ಕೊಳವೆಯಷ್ಟೇ ಉಳಿಯುವಂತೆ ಮೇಲಿನಿಂದ ಕತ್ತರಿಸಿ. ಒಳಗಿನ ಶಲಾಕೆಗೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ಕಡ್ಡಿಗೆ, ಗಾಯವಾಗಬಾರದು. ಕೈ ಪಳಗುವವರೆಗೆ ಮಾರುವ ಹೂವುಗಳ ಮೇಲೆ ಅಭ್ಯಾಸ ಮಾಡುವುದು ಒಳ್ಳೆಯದು. ಆಮೇಲೆ ಚಿಮುಟದಿಂದ ನಡುಹೂವುಗಳನ್ನು ಅರಳುವ ಮೊದಲೇ ಕಿತ್ತುಬಿಡಿ. ಸ್ವಂತ ಪರಾಗವನ್ನು ಗಿಡ ಒಪ್ಪುವುದಿಲ್ಲ ನಿಜ, ಆದರೆ ಈ ನಿಯಮ ಎಲ್ಲ ತಳಿಗಳಲ್ಲೂ ಪೂರ್ತಿ ಗಟ್ಟಿಯಾಗಿಲ್ಲ. ಬೆಣ್ಣೆಕಾಗದದ ಚೀಲ ತೊಡಿಸಿ ಕಟ್ಟಿ.

ಎರಡು ಮೂರು ದಿನಗಳಲ್ಲಿ ಕತ್ತರಿಸಿದ ಕೊಳವೆಗಳಿಂದ ಶಲಾಕೆಗಳು ಮೇಲೆದ್ದು ತುದಿ ಇಬ್ಭಾಗವಾಗಿ ಕವಣೆಯ ಕೋಲಿನಂತೆ ಕಾಣುತ್ತದೆ, ತೆಳುವಾಗಿ ಮಿನುಗುತ್ತದೆ. ಅದೇ ಸಮಯ. ಇಬ್ಬನಿ ಆರಿದ ಮೇಲೆ, ಬೆಳಗ್ಗೆ ಹತ್ತರಿಂದ ಹನ್ನೆರಡರ ನಡುವೆ, ತಂದೆಹೂವಿನ ಬಟ್ಟಲಿನಲ್ಲಿ ಹೊಸದಾಗಿ ಮೇಲೆ ಬಂದ ಹಳದಿ ಪುಡಿಯನ್ನು ಮೆತ್ತನೆಯ ಕುಂಚದಲ್ಲಿ ತೆಗೆದು ಸವರಿ. ಬಟ್ಟಲಿನ ಹೂವುಗಳು ಹೊರಗಿನಿಂದ ಒಳಕ್ಕೆ ಅರಳುತ್ತಾ ಹೋಗುವುದರಿಂದ ಒಂದೇ ತಂದೆಹೂವು ಹಲವು ದಿನ ತಾಜಾ ಪರಾಗ ಕೊಡುತ್ತದೆ. ಆದರೆ ಆ ಹೂವಿಗೂ ಮೊದಲೇ ಚೀಲ ತೊಡಿಸಿರಬೇಕು. ಜೇನುನೊಣ ಬೇರೆ ಗಿಡದ ಪರಾಗವನ್ನು ಅಲ್ಲಿಗೆ ತಂದು ಹಾಕುತ್ತದೆ.

ದಿನ ಬಿಟ್ಟು ದಿನ, ಮೂರು ಬಾರಿ ಪರಾಗ ಹಚ್ಚಿ. ಶಲಾಕೆಗಳು ಒಂದೇ ದಿನ ತೆರೆಯುವುದಿಲ್ಲ. ತಂದೆ ಬದಲಾದಾಗ ಕುಂಚವನ್ನು ಸ್ಪಿರಿಟ್‌ನಲ್ಲಿ ಅದ್ದಿ ಪೂರ್ತಿ ಒಣಗಿಸಿ. ಒದ್ದೆ ಕುಂಚದಲ್ಲಿ ಪರಾಗ ಸಾಯುತ್ತದೆ. ಪ್ರತಿ ಹೂವಿಗೂ ಚೀಟಿ ಕಟ್ಟಿ: ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ, ದಿನಾಂಕ ಕೊನೆಗೆ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ. ಒಂದು ಜೋಡಿಯಲ್ಲಿ ಬೀಜ ಕಟ್ಟದಿದ್ದರೆ ತಾಯಿ, ತಂದೆಯನ್ನು ಅದಲುಬದಲು ಮಾಡಿ ನೋಡಿ.

ಬೀಜದಿಂದ ಕುಂಡಕ್ಕೆ

ಪರಾಗ ಹಾಕಿದ ಆರೆಂಟು ವಾರಕ್ಕೆ ಹೂವಿನ ತಲೆ ಕಂದಾಗಿ ಒಣಗುತ್ತದೆ. ಆವರೆಗೆ ಗಿಡಕ್ಕೆ ನೀರು ಬುಡಕ್ಕೆ ಮಾತ್ರ ಕೊಡಿ. ಹೂವು ಒದ್ದೆಯಾದರೆ ಬೂದುಬೂಷ್ಟು ಹತ್ತಿ ಬೀಜವೆಲ್ಲ ಕೊಳೆಯುತ್ತದೆ. ತಲೆಯನ್ನು ಕಾಗದದ ಮೇಲೆ ಉಜ್ಜಿ, ಗಟ್ಟಿ ಕಂದು ಬೀಜಗಳನ್ನು ಆರಿಸಿ. ತೆಳ್ಳಗೆ, ಬೆಳ್ಳಗೆ ಇರುವವು ಜೊಳ್ಳು. ಕೆಲವು ಹೂವುಗಳಲ್ಲಿ ಒಂದೂ ಸಿಗುವುದಿಲ್ಲ, ಕೆಲವು ಕೈತುಂಬ ಕೊಡುತ್ತವೆ. ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿಡಿ.

ನಾನು ಬಿತ್ತುವುದು ಜೂನ್ ಮೊದಲ ವಾರ, ಮುಂಗಾರಿನ ಮೋಡ ಕವಿದು ತಾಪ ಇಳಿದ ಮೇಲೆ. ಪ್ರೋಟ್ರೇಯಲ್ಲಿ (ಗುಳಿಗಳಿರುವ ಸಸಿ ತಟ್ಟೆ) ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಬೀಜದ ಮೇಲೆ ಕಾಣಿಸೀ ಕಾಣಿಸದಷ್ಟು ಹೊದಿಕೆ ಹಾಕಿದರೆ ವಾರ, ಹತ್ತು ದಿನಗಳಲ್ಲಿ ಮೊಳಕೆ ಬರುತ್ತದೆ. ಮೊದಲ ದಿನದಿಂದಲೇ ರಾತ್ರಿದೀಪ ಇರಲಿ. ಜುಲೈ ಆರಂಭದಲ್ಲಿ ನಾಲ್ಕು ಇಂಚಿನ ಕುಂಡಕ್ಕೆ ಒಂದೊಂದು ಸಸಿ. ಮೂರು ವಾರ ಬಿಟ್ಟು ದೀಪ ನಿಲ್ಲಿಸಿದರೆ ದಸರೆಯ ಹೊತ್ತಿಗೆ ಹೂವು. ಹಬ್ಬದ ಮಾರುಕಟ್ಟೆಗೆ ಹೊಂದುವ ಗಿಡ ಯಾವುದು ಎಂಬುದು ಇದರಿಂದ ಮೊದಲ ವರ್ಷವೇ ಗೊತ್ತಾಗುತ್ತದೆ.

ಈ ಹಂತದಲ್ಲಿ ಸಸಿಗಳನ್ನು ಚಿವುಟಬೇಡಿ. ಗಿಡ್ಡವಾಗಿಸುವ ಯಾವ ಔಷಧವನ್ನೂ ಹಾಕಬೇಡಿ. ಔಷಧದಿಂದ ಬಂದ ಗಿಡ್ಡತನ ನಿಮ್ಮ ಕಣ್ಣಿಗೆ ಪರದೆ ಕಟ್ಟುತ್ತದೆ. ಎಲ್ಲಕ್ಕೂ ಒಂದೇ ಮಿಶ್ರಣ, ಒಂದೇ ನೀರು, ಒಂದೇ ಗೊಬ್ಬರ. ಪ್ರತಿ ಸಸಿಗೂ ಒಂದು ಸಂಖ್ಯೆ. ಹೆಸರು ಈಗಲೇ ಬೇಡ. ಹೆಸರಿಟ್ಟ ಗಿಡವನ್ನು ಎಸೆಯಲು ಕೈ ಬರುವುದಿಲ್ಲ.

ಎಸೆಯುವ ವಾರ

ಮುನ್ನೂರು ಸಸಿಗಳಲ್ಲಿ ಹತ್ತನ್ನು ಉಳಿಸಿಕೊಂಡರೆ ಅದೇ ಹೆಚ್ಚು. ನೋಡುವ ಕ್ರಮ ಇಲ್ಲಿ ಮುಖ್ಯ. ನಾನು ಮೊಗ್ಗು ಬಣ್ಣ ತೋರುವ ಮೊದಲೇ ಒಂದು ಸುತ್ತು ಹಾಕುತ್ತೇನೆ. ಬುಡದಿಂದ ಕವಲೊಡೆಯದ, ಗೆಣ್ಣುಗಳ ನಡುವೆ ಉದ್ದ ಅಂತರವಿರುವ, ಕೆಳಗಿನ ಎಲೆ ಹಳದಿಯಾದ, ಎಲೆಚುಕ್ಕೆ ಬಿದ್ದ ಗಿಡಗಳೆಲ್ಲ ಆ ದಿನವೇ ಹೊರಗೆ. ಅವುಗಳ ಹೂವನ್ನು ನಾನು ನೋಡುವುದೇ ಇಲ್ಲ, ನೋಡಿದರೆ ಮನಸ್ಸು ಬದಲಾಗುತ್ತದೆ.

ಎರಡನೇ ಸುತ್ತು ಮೊದಲ ಹೂವು ಪೂರ್ತಿ ಅರಳಿದಾಗ. ದೀಪ ನಿಲ್ಲಿಸಿ ಎಷ್ಟು ದಿನವಾಯಿತು ಎಂದು ಬರೆದುಕೊಳ್ಳಿ. ಒಂಬತ್ತು ವಾರ ದಾಟಿದವು ಬೇಡ. ಒಂದೊಂದು ವಾರವೂ ಬೆಳೆಗಾರನ ಜಾಗ, ನೀರು, ಕೂಲಿ. ಅಂಗೈಯನ್ನು ಗಿಡದ ನೆತ್ತಿಯ ಮೇಲೆ ಇಟ್ಟು ಮೆಲ್ಲಗೆ ಒತ್ತಿ ಬಿಡಿ: ಒಳ್ಳೆಯ ಗಿಡ ಪುಟಿದು ಮೇಲೇಳುತ್ತದೆ, ಕೆಟ್ಟದರ ಕವಲು ಸಂದಿಯಲ್ಲೇ ಸಿಗಿಯುತ್ತದೆ. ಸಾಗಣೆಯಲ್ಲಿ ಲಾರಿ ಮಾಡುವ ಕೆಲಸವನ್ನೇ ನಿಮ್ಮ ಕೈ ಇಲ್ಲಿ ಮಾಡುತ್ತಿದೆ.

ಮೂರನೇ ಸುತ್ತಿನಲ್ಲಿ ಮಾತ್ರ ಹೂವು. ಬಣ್ಣವನ್ನು ಬೆಳಗಿನ ನೆರಳಿನಲ್ಲಿ ಬಣ್ಣಪಟ್ಟಿಯ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಹತ್ತು ದಿನ ಬಿಸಿಲು ಕಂಡ ಮೇಲೆ ಇನ್ನೊಮ್ಮೆ. ಗುಲಾಬಿಗಳು ಸೆಖೆಗೆ ಬಿಳಚಿಕೊಳ್ಳುತ್ತವೆ, ಹೀಗಾಗಿ ಎರಡನೇ ಫೋಟೊವೇ ನಿಜ. ನಡುಹೂವು ಬೇಗ ತೆರೆದು ಪರಾಗ ಉದುರಿಸಿ ಎಸಳುಗಳನ್ನು ಕೊಳೆ ಮಾಡುವ ಗಿಡಗಳನ್ನು ಬಿಡಿ.

ಎರಡನೆಯ, ಮೂರನೆಯ ವರ್ಷ

ಉಳಿದ ಹತ್ತರಿಂದಲೂ ಹತ್ತಿಪ್ಪತ್ತು ಕಟಿಂಗ್ ಮಾಡಿ. ಬೀಜದ ಗಿಡ ಹೇಗಿತ್ತೋ ಕಟಿಂಗ್ ಗಿಡವೂ ಹಾಗೇ ಇರುತ್ತದೆ ಎಂದು ನಂಬಿ ಕೂರಬೇಡಿ. ಮೊಳಕೆಯಿಂದ ಬಂದ ಗಿಡದ ಹುರುಪೇ ಬೇರೆ. ಬೇರು ಬಿಟ್ಟ ದಿನ, ಒಂದು ತಾಯಿಗಿಡದಿಂದ ವಾರಕ್ಕೆ ಎಷ್ಟು ಕಟಿಂಗ್ ಬರುತ್ತದೆ, ಇಪ್ಪತ್ತೂ ಒಂದೇ ಎತ್ತರವಿವೆಯೇ ಎಂದು ಬರೆದಿಡಿ. ಕಡಿಮೆ ಕಟಿಂಗ್ ಕೊಡುವ ಗಿಡ ಎಷ್ಟೇ ಚೆಂದವಿದ್ದರೂ ನರ್ಸರಿಯವರಿಗೆ ನಷ್ಟ.

ಮೂರು ಕಾಲದಲ್ಲಿ ನೆಡಿ: ಬೇಸಿಗೆ, ಮಳೆ, ಚಳಿ. ಸೆಖೆಯಲ್ಲಿ ಎಷ್ಟೋ ತಳಿಗಳ ಮೊಗ್ಗು ಎರಡು ಮೂರು ವಾರ ತಡವಾಗುತ್ತದೆ. ಅದನ್ನು ತಾಳುವ ಗಿಡ ನಮ್ಮ ನಾಡಿಗೆ ಚಿನ್ನ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಅನ್ಮೋಲ್' ವರ್ಷದಲ್ಲಿ ಹಲವು ಬಾರಿ ಹೂ ಬಿಡುವುದಕ್ಕೇ ಹೆಸರಾಗಿದೆ.

ಮೊಗ್ಗು ಕಾಲುಭಾಗ ಅರಳಿದ ಕುಂಡಗಳನ್ನು ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಎರಡು ದಿನ ಕತ್ತಲೆಯಲ್ಲಿಡಿ. ಆಮೇಲೆ ತೆಗೆದು ಮನೆಯ ಹಜಾರದಲ್ಲಿ, ಕಿಟಕಿಯಿಂದ ಸ್ವಲ್ಪ ದೂರ, ಮೂರು ವಾರ ಇಡಿ. ಎಲೆ ಹಳದಿಯಾಗುವುದು, ಮೊಗ್ಗು ಅರಳದೆ ನಿಲ್ಲುವುದು, ಬಣ್ಣ ಕುಂದುವುದು ಎಲ್ಲ ಇಲ್ಲಿ ಬಯಲಾಗುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಗಿಡಗಳು ಸೋಲುವುದು ಈ ಹಜಾರದಲ್ಲಿ. ಮೂರನೇ ವರ್ಷ ಉಳಿದ ಎರಡು ಮೂರನ್ನು ಬೇರೆ ಬೇರೆ ನರ್ಸರಿಗಳಲ್ಲಿ ನೂರು ಕುಂಡಗಳಷ್ಟು ಬೆಳೆಸಿ ನೋಡಲು ಕೊಡಿ. ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ ಎಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ.

ಒಂದೇ ಗಿಡ, ಹಲವು ಬಣ್ಣ

ಅಂಗಡಿಯವರಿಗೆ ಒಂದೇ ಎತ್ತರದ, ಒಂದೇ ದಿನ ಅರಳುವ ನಾಲ್ಕೈದು ಬಣ್ಣಗಳು ಬೇಕು. ಗಿಡ ಗೆದ್ದ ಮೇಲೆ ಬಣ್ಣ ಬದಲಿಸಲು ಸುಲಭದ ದಾರಿ ಗಾಮಾ ಕಿರಣ. ಬೇರು ಬಿಟ್ಟ ಕಟಿಂಗ್‌ಗಳಿಗೆ 10ರಿಂದ 25 ಗ್ರೇ (ವಿಕಿರಣದ ಅಳತೆ) ಪ್ರಮಾಣದಲ್ಲಿ, ಸೌಲಭ್ಯವಿರುವ ಸಂಶೋಧನಾ ಸಂಸ್ಥೆಯ ಮೂಲಕ ಹಾಯಿಸಬೇಕು. ಪೂಸಾ ಅನ್ಮೋಲ್ ಹುಟ್ಟಿದ್ದೂ 'ಅಜಯ್' ತಳಿಗೆ ಗಾಮಾ ಕಿರಣ ಹಾಯಿಸಿದ್ದರಿಂದಲೇ. ಬಣ್ಣ ಬದಲಾಗುವುದು ಹೆಚ್ಚಾಗಿ ಒಂದು ಕೊಂಬೆಯಲ್ಲಿ, ಕೆಲವೊಮ್ಮೆ ಅರ್ಧ ಹೂವಿನಲ್ಲಿ ಮಾತ್ರ. ಆ ಕೊಂಬೆಯ ಕಂಕುಳ ಚಿಗುರುಗಳಿಂದ ಎರಡು ಮೂರು ತಲೆಮಾರು ಕಟಿಂಗ್ ತೆಗೆದು, ಹಳೆಯ ಬಣ್ಣ ಮರಳದವನ್ನೇ ಉಳಿಸಿಕೊಳ್ಳಿ. ಅರ್ಧ ಎಸಳಷ್ಟೇ ಬದಲಾಗಿದ್ದರೆ ಆ ಎಸಳಿನಿಂದಲೇ ಅಂಗಾಂಶ ಕೃಷಿಯಲ್ಲಿ ಗಿಡ ಎಬ್ಬಿಸಬಹುದು.

ಹೆಸರು ಮತ್ತು ಹಕ್ಕು

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ಮೊದಲ ದಿನವೇ ಓದಿಕೊಳ್ಳುವುದು ಒಳ್ಳೆಯದು. ಬೇರೆಯವರ ನೋಂದಾಯಿತ ತಳಿಯನ್ನು ಹೊಸ ತಳಿ ಸೃಷ್ಟಿಸುವ ಮೂಲವಾಗಿ ಬಳಸಲು ಅದರ 30ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಆ ತಳಿಯ ಕೊಂಬೆಯಲ್ಲಿ ಬಣ್ಣ ಬದಲಾದದ್ದನ್ನೇ ಬೇರ್ಪಡಿಸಿ ನಿಮ್ಮದೆನ್ನಲು ಹೋದರೆ, ಅದು ಮೂಲ ತಳಿಯಿಂದ ಹುಟ್ಟಿದ್ದೆಂದು ಗಣನೆಯಾಗಿ ಮೂಲದವರ ಅನುಮತಿ ಬೇಕಾಗುತ್ತದೆ. ಗಾಮಾ ಕಿರಣ ಹಾಯಿಸುವವರು ಸ್ವಂತ ಸಸಿಗೇ ಹಾಯಿಸಬೇಕು ಎನ್ನುವುದು ಇದಕ್ಕಾಗಿ. ವಿದೇಶಿ ಕಂಪನಿಗಳ ಕಟಿಂಗ್ ಕೊಂಡವರು ಖರೀದಿ ಒಪ್ಪಂದದ ಷರತ್ತುಗಳನ್ನೂ ಓದಿ.

ನೋಂದಣಿಗೆ ತಳಿ ಹೊಸದಾಗಿರಬೇಕು, ಬೇರೆಲ್ಲ ತಳಿಗಳಿಂದ ಭಿನ್ನವಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು. ಅರ್ಜಿ ಹಾಕುವ ದಿನಕ್ಕೆ ಒಂದು ವರ್ಷಕ್ಕಿಂತ ಹಿಂದೆಯೇ ಭಾರತದಲ್ಲಿ ಮಾರಾಟವಾಗಿದ್ದರೆ ಅದು ಹೊಸದಲ್ಲ. ಉತ್ಸಾಹದಲ್ಲಿ ಬೇಗ ಮಾರಿ ಈ ಹಕ್ಕು ಕಳೆದುಕೊಳ್ಳಬೇಡಿ. ನಿಮ್ಮ ತಳಿಗೆ ಅತಿ ಹತ್ತಿರದ ಹಳೆಯ ತಳಿಯನ್ನು ಪಕ್ಕದಲ್ಲೇ ಬೆಳೆಸಿ, ವ್ಯತ್ಯಾಸವನ್ನು ಎಸಳಿನ ಉದ್ದ, ಎಲೆಯ ಆಕಾರ, ಹೂವಿನ ವ್ಯಾಸದ ಅಳತೆಗಳಲ್ಲಿ ಬರೆಯಿರಿ. ಹೆಸರು ಬರೀ ಅಂಕಿಯಾಗಿರಬಾರದು. ನೋಂದಣಿ ಸಿಕ್ಕರೆ ಮೊದಲು ಆರು ವರ್ಷ, ನವೀಕರಿಸಿದರೆ ಒಟ್ಟು ಹದಿನೈದು ವರ್ಷ ಹಕ್ಕು. ನೋಂದಣಿ ಮಾಡುವ ಪ್ರಾಧಿಕಾರದ ಮುಖ್ಯ ಕಚೇರಿ ದೆಹಲಿಯಲ್ಲಿದೆ, ಶಿವಮೊಗ್ಗದಲ್ಲಿ ಶಾಖೆಯಿದೆ.

ತಾಯಿಗಿಡಗಳ ಕಾವಲು

ಅಸಲಿ ಗಿಡಗಳನ್ನು ಕೀಟ ನುಸುಳದ ಪರದೆಯೊಳಗೆ, ಎರಡು ಬೇರೆ ಬೇರೆ ಜಾಗಗಳಲ್ಲಿ ಇಟ್ಟುಕೊಳ್ಳಿ. ಒಂದು ಕಡೆ ರೋಗ ಬಂದರೂ ತಳಿ ಉಳಿಯುತ್ತದೆ. ಕಟಿಂಗ್ ಕೊಡುವ ಗಿಡಗಳನ್ನು ನಾಲ್ಕೈದು ತಿಂಗಳಿಗೊಮ್ಮೆ ಈ ಅಸಲಿಗಳಿಂದಲೇ ಹೊಸದು ಮಾಡಿ. ಮುದಿಗಿಡದ ಕಟಿಂಗ್ ತಡವಾಗಿ ಬೇರು ಬಿಡುತ್ತದೆ, ಅಕಾಲದಲ್ಲಿ ಮೊಗ್ಗು ಕಟ್ಟುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಬ್ಲೀಚ್ ನೀರಿನಲ್ಲಿ ಅದ್ದಿ. ಪ್ರತಿ ವರ್ಷ ಚಳಿಗಾಲದಲ್ಲಿ ಪ್ರತಿ ಅಸಲಿಯಿಂದ ಐದೈದು ಕುಂಡಗಳನ್ನು ಹೂವಿಗೆ ಬಿಟ್ಟು, ಮೊದಲ ವರ್ಷದ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಹೊಂದದ ಗಿಡ ಮತ್ತು ಅದರಿಂದ ತೆಗೆದ ಕಟಿಂಗ್‌ಗಳನ್ನೆಲ್ಲ ಅಂದೇ ತೆಗೆದುಹಾಕಿ, ನೋಟ್‌ಬುಕ್ಕಿನಲ್ಲಿ ಆ ಸಾಲಿನ ಎದುರು ದಿನಾಂಕ ಬರೆಯಿರಿ.